ಸಿಮ್ ಮುರಿದರೆ ಸಾಕಾ?

2021ರ ಮಾರ್ಚ್ ಕೊನೆಯ ಒಂದು ರಾತ್ರಿ ಮಯನ್ಮಾರ್‌ನ ಯಾಂಗೂನ್‌ನಿಂದ ನನಗೊಂದು ಮೆಸೇಜ್ ಬಂತು. ಆರು ವರ್ಷದ ಹಿಂದೆ ಅಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಹುಡುಗಿ. ಫೆಬ್ರವರಿಯಲ್ಲಿ ಅಧಿಕಾರ ಕಿತ್ತುಕೊಂಡ ಮಿಲಿಟರಿಯವರು ಮೊಬೈಲ್ ಇಂಟರ್ನೆಟ್ ನಿಲ್ಲಿಸಿ ಎರಡು ವಾರ ಆಗಿತ್ತು. ಯಾರದೋ ಮನೆಯ ವೈಫೈನಿಂದ ಕಳಿಸಿದ್ದಳು. ಹೇಗಿದ್ದೀರಿ, ಮನೆಯವರೆಲ್ಲ ಕ್ಷೇಮವಾ ಎನ್ನುವುದೆಲ್ಲ ಏನೂ ಇಲ್ಲ. ನೇರವಾಗಿ ಎರಡೇ ಪ್ರಶ್ನೆ. ಸಿಮ್ ಮುರಿದು ಹಾಕಿದರೆ ಸಾಕಾ? ಹಳೇ ಕಾಲ್‌ಗಳ ರೆಕಾರ್ಡ್ ಅಳಿಸಿ ಹೋಗುತ್ತಾ?

ಇಲ್ಲ ಎಂದು ಬರೆದೆ. ಸಿಮ್ ಮುರಿದರೆ ಸಿಮ್ ಮಾತ್ರ ಮುರಿಯುತ್ತೆ, ರೆಕಾರ್ಡ್ ಇರೋದು ಕಂಪನಿಯ ಸರ್ವರ್‌ನಲ್ಲಿ ಎಂದೆ. ಎಷ್ಟು ದಿನ ಇರುತ್ತೆ ಎಂದು ಕೇಳಿದಳು. ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಐದು ವರ್ಷ. ‘ಓಕೆ ಸರ್’ ಅಂದಳು. ಅಷ್ಟೇ.

ಆ ಐದು ವರ್ಷ ಎನ್ನುವ ಅಂಕಿಯನ್ನು ನಮ್ಮ ಡಾಕ್ಯುಮೆಂಟಿನಲ್ಲಿ ತುಂಬಿದವನು ನಾನೇ. ಅದನ್ನು ಅವಳಿಗೆ ಹೇಳಲಿಲ್ಲ. (ಅವಳು ಈಗ ಥಾಯ್ಲೆಂಡ್ ಗಡಿಯ ಮೇ ಸಾಟ್ ಊರಿನಲ್ಲಿದ್ದಾಳೆ, ಹುಷಾರಾಗಿದ್ದಾಳೆ. ಕಥೆ ದುರಂತಕ್ಕೆ ಹೋಗುತ್ತೇನೋ ಎಂದು ಕಾಯುವವರಿಗೆ ಮೊದಲೇ ಹೇಳಿಬಿಡುತ್ತೇನೆ.)

ಮೇಜಿನ ಮೇಲಿನ ಫೋನು

ನಾನು ಬೆಂಗಳೂರಿನಲ್ಲಿ ಟೆಲಿಕಾಂ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವನು. 2015ರಲ್ಲಿ ಆರು ವಾರ ಯಾಂಗೂನ್‌ಗೆ ಕಳಿಸಿದ್ದರು. ಯಾವ ಕಂಪನಿ, ಯಾವ ಗ್ರಾಹಕ ಎಂದು ಬರೆಯುವುದಿಲ್ಲ. ಬರೆದರೂ ಹೊಸದೇನೂ ತಿಳಿಯುವುದಿಲ್ಲ, ಆ ಹೊತ್ತಿಗೆ ಎಲ್ಲರೂ ಅಲ್ಲಿಗೆ ಓಡುತ್ತಿದ್ದರು. ಸೇನೆ ಹಿಂದೆ ಸರಿಯುತ್ತಿದೆ, ಚುನಾವಣೆ ಬರುತ್ತಿದೆ, ಐದು ಕೋಟಿ ಜನರ ದೇಶದಲ್ಲಿ ಬಹಳ ಜನರಿಗೆ ಇನ್ನೂ ಫೋನ್ ಇಲ್ಲ. ಟೆಲಿಕಾಂನವರಿಗೆ ಇದಕ್ಕಿಂತ ಹಬ್ಬ ಬೇಕಾ? ನಾರ್ವೆಯ ಟೆಲಿನಾರ್, ಕತಾರ್‌ನ ಊರಿಡೂ 2013ರಲ್ಲಿ ಲೈಸೆನ್ಸ್ ಗೆದ್ದು 2014ರಲ್ಲಿ ಸೇವೆ ಶುರು ಮಾಡಿದ್ದವು.

ಟೆಲಿನಾರ್ ನಮಗೆ ಹೊಸದೇನಲ್ಲ. ಯೂನಿನಾರ್ ನೆನಪಿದೆಯಾ? ನೀಲಿ ಬೋರ್ಡು, ಜಾಗಕ್ಕೆ ತಕ್ಕ ಹಾಗೆ, ಹೊತ್ತಿಗೆ ತಕ್ಕ ಹಾಗೆ ಬದಲಾಗುವ ಡಿಸ್ಕೌಂಟು. ಅವರದೇ. 2012ರಲ್ಲಿ ಸುಪ್ರೀಂ ಕೋರ್ಟ್ 2ಜಿ ಲೈಸೆನ್ಸ್‌ಗಳನ್ನು ರದ್ದು ಮಾಡಿದಾಗ ಅವರದ್ದೂ ಹೋಯಿತು.

ಯಾಂಗೂನ್‌ನಲ್ಲಿ ನನಗೆ ಪರಕೀಯ ಅನ್ನಿಸಲೇ ಇಲ್ಲ. ಗಂಡಸರು ಲುಂಗಿ ಉಟ್ಟು ಆಫೀಸಿಗೆ ಬರುತ್ತಾರೆ, ಲೋಂಜಿ ಎನ್ನುತ್ತಾರೆ. ಬೀದಿ ಮೂಲೆಯಲ್ಲಿ ಎಲೆಅಡಿಕೆ ಕಟ್ಟಿ ಕೊಡುವವನು, ಗೋಡೆ ತುಂಬ ಕೆಂಪು ಉಗುಳು. ನಮ್ಮ ಟೀಮಿನ ಆ ಹುಡುಗಿಯನ್ನು ಎಲ್ಲರೂ ಹೆಸರಿನ ಮುಂದೆ ‘ಮಾ’ ಸೇರಿಸಿ ಕರೆಯುತ್ತಿದ್ದರು. ನಮ್ಮಲ್ಲಿ ಹೆಸರಿನ ಹಿಂದೆ ಅಕ್ಕ ಬರುತ್ತದಲ್ಲ, ಅಲ್ಲಿ ಹೆಸರಿನ ಮುಂದೆ. ಸಂಜೆ ಸುಲೇ ಪಗೋಡದ ಹತ್ತಿರದ ಒಂದು ಟೀ ಅಂಗಡಿಗೆ ಹೋಗುತ್ತಿದ್ದೆವು. ಮಕ್ಕಳು ಕೂರುವಂಥ ಗಿಡ್ಡ ಪ್ಲಾಸ್ಟಿಕ್ ಸ್ಟೂಲು. ಮಾಣಿಯನ್ನು ಕರೆಯಬೇಕೆಂದರೆ ತುಟಿಯಿಂದ ಮುತ್ತು ಕೊಟ್ಟ ಹಾಗೆ ಸದ್ದು ಮಾಡಬೇಕು. ಮೊದಲ ದಿನ ನಾನು ನಾಚಿ ಕೆಂಪಾಗಿದ್ದು ನೋಡಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅಲ್ಲೇ ಒಂದು ಸಂಜೆ ಎದುರು ಫುಟ್‌ಪಾತ್ ತೋರಿಸಿದಳು. ಒಂದು ಹಳೇ ಮರದ ಮೇಜು, ಅದರ ಮೇಲೆ ಮೂರು ಲ್ಯಾಂಡ್‌ಲೈನ್ ಫೋನು. ಹಿಂದಿನ ಮನೆಯ ಕಿಟಕಿಯಿಂದ ವಯರ್ ಇಳಿದು ಬಂದಿದೆ. ಒಬ್ಬ ಹೆಂಗಸು ಗಡಿಯಾರ ನೋಡುತ್ತ ಕೂತಿದ್ದಾಳೆ. ನಮ್ಮ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿಗೆ ಬಾಗಿಲು ಗೋಡೆ ಇಲ್ಲದಿದ್ದರೆ ಹೇಗೋ ಹಾಗೆ. ‘ನಾನು ಕಾಲೇಜಿನಲ್ಲಿದ್ದಾಗ ಊರಿಗೆ ಫೋನ್ ಮಾಡ್ತಿದ್ದಿದ್ದು ಇಂಥ ಮೇಜಿನಿಂದಲೇ. ನಿಮಿಷಕ್ಕಿಷ್ಟು. ಅಮ್ಮ ಅಳೋಕೆ ಶುರು ಮಾಡಿದ್ರೆ ಅಯ್ಯೋ ದುಡ್ಡು ಅನ್ನಿಸೋದು’ ಎಂದಳು. ಸೇನೆಯ ಕಾಲದಲ್ಲಿ ಒಂದು ಸಿಮ್ ಕಾರ್ಡಿಗೆ ಒಂದೂವರೆ, ಎರಡು ಸಾವಿರ ಡಾಲರ್ ಕೊಡಬೇಕಿತ್ತು. ರೂಪಾಯಿಯಲ್ಲಿ ಹತ್ತಿರ ಹತ್ತಿರ ಲಕ್ಷ. ಹೊಸ ಕಂಪನಿಗಳು ಬಂದ ಮೇಲೆ 1,500 ಚಾಟ್ (ಅಲ್ಲಿನ ಹಣ), ಅಂದರೆ ಒಂದೂವರೆ ಡಾಲರ್. ಅವಳು ಪರ್ಸಿನಿಂದ ಸಿಮ್ಮಿನ ಖಾಲಿ ಪ್ಲಾಸ್ಟಿಕ್ ಚೌಕಟ್ಟು ತೆಗೆದು ತೋರಿಸಿದಳು. ಚಿಪ್ ಕಿತ್ತುಕೊಂಡ ಮೇಲೆ ನಾವು ಬಿಸಾಕುತ್ತೀವಲ್ಲ, ಅದೇ. ಮೊದಲ ಸಿಮ್‌ದು, ಜೋಪಾನವಾಗಿ ಇಟ್ಟುಕೊಂಡಿದ್ದಳು.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಎಂದರೆ, ಸರ್ವಾಧಿಕಾರ ಇರುವ ದೇಶಕ್ಕೆ ಕಂಪನಿಗಳು ಹೋಗಲೇಬಾರದು ಎಂದು ಯಾರಾದರೂ ಒಂದೇ ಉಸಿರಿಗೆ ಹೇಳಿದಾಗ ನನಗೆ ಆ ಪ್ಲಾಸ್ಟಿಕ್ ಚೌಕಟ್ಟು ಕಣ್ಣ ಮುಂದೆ ಬರುತ್ತದೆ. ಹೋಗಿದ್ದರಿಂದ ಒಳ್ಳೆಯದಾಯಿತು. ಅದು ಸುಳ್ಳಲ್ಲ.

ಒಂದು ಸಾಲಿನಲ್ಲಿ ಏನಿರುತ್ತದೆ

ಅದೇ ಆರು ವಾರದಲ್ಲಿ ನಾನು ಮಾಡಿದ ಇನ್ನೊಂದು ಕೆಲಸ ಇದು. ನಮ್ಮ ಪೇಪರ್‌ಗಳಲ್ಲಿ ‘ಪೊಲೀಸರು ಆರೋಪಿಯ ಸಿಡಿಆರ್ ತೆಗೆಸಿದ್ದಾರೆ’ ಎಂದು ಬರುತ್ತದಲ್ಲ, ಆ ಸಿಡಿಆರ್, ಅಂದರೆ ಕಾಲ್ ಡೀಟೇಲ್ ರೆಕಾರ್ಡ್. ನೀವು ಒಂದು ಕಾಲ್ ಮಾಡಿದರೆ ಒಂದು ಸಾಲು ಹುಟ್ಟುತ್ತದೆ. ನಿಮ್ಮ ನಂಬರು, ಅವರ ನಂಬರು, ತಾರೀಖು, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ನಿಮ್ಮ ಹ್ಯಾಂಡ್‌ಸೆಟ್ಟಿನ ನಂಬರು, ಆಗ ನೀವು ಯಾವ ಟವರ್ ಕೆಳಗಿದ್ದಿರಿ. ಏನು ಮಾತಾಡಿದಿರಿ ಅನ್ನುವುದು ಅದರಲ್ಲಿಲ್ಲ. ಬೇಕಾಗಿಯೂ ಇಲ್ಲ. ಒಂದು ಮೆರವಣಿಗೆ ನಡೆದ ಜಾಗದ ಟವರ್ ನಂಬರು, ಆ ಎರಡು ಗಂಟೆ, ಇಷ್ಟು ಕೊಟ್ಟರೆ ಅಲ್ಲಿದ್ದವರ ಪಟ್ಟಿ ಬರುತ್ತದೆ. ಅವರು ರಾತ್ರಿ ಯಾವ ಟವರ್ ಕೆಳಗೆ ಮಲಗುತ್ತಾರೆ ಎಂದು ಕೇಳಿದರೆ ಅದೂ ಬರುತ್ತದೆ. ಹೊಸ ಸಿಮ್ಮನ್ನು ಹಳೇ ಫೋನಿಗೇ ಹಾಕಿದ್ದರೆ, ಹ್ಯಾಂಡ್‌ಸೆಟ್ ನಂಬರು ಇಬ್ಬರೂ ಒಬ್ಬರೇ ಎಂದು ಹೇಳಿಬಿಡುತ್ತದೆ.

ಬಿಲ್ಲಿಂಗ್‌ಗೆ ಈ ಸಾಲು ಬೇಕು. ಗ್ರಾಹಕ ‘ನಾನು ಈ ಕಾಲ್ ಮಾಡೇ ಇಲ್ಲ’ ಎಂದು ಜಗಳ ತೆಗೆದರೆ ತೋರಿಸಬೇಕಲ್ಲ. ಅದಕ್ಕೆ ಕೆಲವು ತಿಂಗಳು ಸಾಕು. ಆದರೆ ನಮ್ಮ ಎಕ್ಸೆಲ್ ಶೀಟಿನಲ್ಲಿ ‘ಎಷ್ಟು ಕಾಲ ಇಡಬೇಕು’ ಎನ್ನುವ ಕಾಲಮ್ ಇತ್ತು. ಅಲ್ಲಿನವರು ಅದನ್ನು ಖಾಲಿ ಬಿಟ್ಟಿದ್ದರು. ಅದರ ಬಗ್ಗೆ ಅಲ್ಲಿ ಇನ್ನೂ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಾನು ಇನ್ನೊಂದು ದೇಶದ ಹಳೇ ಪ್ರಾಜೆಕ್ಟಿನ ಶೀಟ್ ತೆಗೆದು, 60 ತಿಂಗಳು ಎಂದಿದ್ದನ್ನು ಕಾಪಿ ಮಾಡಿ ಅಂಟಿಸಿದೆ. ಹಾರ್ಡ್ ಡಿಸ್ಕ್ ಅಗ್ಗ, ಜಾಸ್ತಿ ಇಟ್ಟರೆ ತಪ್ಪೇನು? ಆಮೇಲೆ ಟೀ ಕುಡಿಯಲು ಹೋದೆವು. ಅವಳೂ ಇದ್ದಳು.

ಆ ಅಂಕಿ ಹಾಗೇ ಉಳಿಯಿತು. ಯಾರಿಗೂ ತೊಂದರೆ ಕೊಡದ ಅಂಕಿಯನ್ನು ಯಾರು ಬದಲಾಯಿಸುತ್ತಾರೆ.

ಪೊಲೀಸರಿಗೆ ಫೋನ್ ಕದ್ದು ಕೇಳಲು ಅನುಕೂಲ ಮಾಡಿಕೊಡುವ ಸೌಲಭ್ಯವೂ ಪ್ರತಿ ನೆಟ್‌ವರ್ಕಿನಲ್ಲಿ ಇರುತ್ತದೆ. ನಮ್ಮ ದೇಶದಲ್ಲೂ ಲೈಸೆನ್ಸಿನ ಷರತ್ತು ಅದು, ನಾರ್ವೆಯಲ್ಲೂ ಇದೆ. ಪೆಟ್ಟಿಗೆ ಒಂದೇ. ಅದರ ಎದುರು ಒಬ್ಬ ಜಡ್ಜ್ ಇದ್ದಾರೋ, ಒಬ್ಬ ಕರ್ನಲ್ ಇದ್ದಾನೋ ಅನ್ನುವುದಷ್ಟೇ ವ್ಯತ್ಯಾಸ. ಆ ವ್ಯತ್ಯಾಸ ನಮ್ಮ ಎಕ್ಸೆಲ್ ಶೀಟಿನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ತಲೆಗೆ ಆರು ಡಾಲರ್

2021ರ ಫೆಬ್ರವರಿ 1 ಸೋಮವಾರ. ನಮ್ಮ ಮನೆಯ ಟೀವಿಯಲ್ಲಿ ಬಜೆಟ್. ನಿರ್ಮಲಾ ಸೀತಾರಾಮನ್ ಓದುತ್ತಿದ್ದಾರೆ, ಕೆಳಗೆ ಓಡುವ ಪಟ್ಟಿಯಲ್ಲಿ ಮಯನ್ಮಾರ್‌ನಲ್ಲಿ ಸೇನಾ ಕ್ರಾಂತಿ, ಸೂ ಕಿ ಬಂಧನ. ಅವಳಿಗೆ ವಾಟ್ಸಾಪ್ ಮಾಡಿದೆ, ಒಂದೇ ಟಿಕ್. ಆ ವಾರವೇ ಫೇಸ್‌ಬುಕ್ ಬಂದ್ ಆಯಿತು. ಆಮೇಲೆ ರಾತ್ರಿ ಒಂದರಿಂದ ಬೆಳಗ್ಗೆ ಒಂಬತ್ತರವರೆಗೆ ದಿನಾ ಇಂಟರ್ನೆಟ್ ಇಲ್ಲ, ಮಾರ್ಚ್ ಮಧ್ಯಕ್ಕೆ ಮೊಬೈಲ್ ಡೇಟಾವೇ ಇಲ್ಲ. ಸಂಜೆ ಎಂಟಕ್ಕೆ ಜನ ಮನೆಮನೆಯಲ್ಲಿ ಪಾತ್ರೆ ಬಡಿಯುತ್ತಿದ್ದರು. ದೆವ್ವ ಓಡಿಸಲು ಅಲ್ಲಿ ಹಾಗೆ ಮಾಡುತ್ತಾರಂತೆ. (ನಾವೂ ಸುಮ್ನೆ ಇರೋದು ಒಳ್ಳೆಯದು. ಜಮ್ಮು ಕಾಶ್ಮೀರಕ್ಕೆ 4ಜಿ ವಾಪಸ್ ಬಂದದ್ದು ಅದೇ ವಾರ, ಫೆಬ್ರವರಿ 5ಕ್ಕೆ, ಒಂದೂವರೆ ವರ್ಷದ ಮೇಲೆ. ಇಂಟರ್ನೆಟ್ ಬಂದ್ ಮಾಡುವ ದೇಶಗಳ ಲೆಕ್ಕ ಇಡುವ ಆಕ್ಸೆಸ್ ನೌ ಸಂಸ್ಥೆಯ 2024ರ ಪಟ್ಟಿಯಲ್ಲಿ ಮಯನ್ಮಾರ್ 85 ಸಲ, ಭಾರತ 84 ಸಲ.)

ಶುರುವಿನಲ್ಲಿ ಟೆಲಿನಾರ್ ತನಗೆ ಬಂದ ಆದೇಶಗಳನ್ನೆಲ್ಲ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತಿತ್ತು. ಇಂತಿಂಥ ಸೈಟ್ ಮುಚ್ಚಿ ಎಂದಿದ್ದಾರೆ, ಮುಚ್ಚಿದ್ದೇವೆ, ನಮಗೆ ಒಪ್ಪಿಗೆ ಇಲ್ಲ. ಎರಡೇ ವಾರದಲ್ಲಿ, ಇನ್ನು ಹಾಕಲು ಆಗುವುದಿಲ್ಲ ಎಂದು ಅದೂ ನಿಂತಿತು. ಮೇನಲ್ಲಿ 650 ಕೋಟಿ ಕ್ರೋನರ್ (ನಾರ್ವೆಯ ಹಣ) ನಷ್ಟ ಬರೆದುಕೊಂಡರು. ಜುಲೈನಲ್ಲಿ ಇಡೀ ಕಂಪನಿಯನ್ನು ಲೆಬನಾನ್‌ನ ಎಂ1 ಗ್ರೂಪಿಗೆ 10.5 ಕೋಟಿ ಡಾಲರ್‌ಗೆ ಮಾರುತ್ತಿದ್ದೇವೆ ಎಂದರು. ಕದ್ದು ಕೇಳುವ ಯಂತ್ರವನ್ನು ಚಾಲೂ ಮಾಡಿ ಎಂಬ ಒತ್ತಡವಿದೆ, ಮಾಡಿದರೆ ಯುರೋಪಿನ ನಿರ್ಬಂಧ ಮುರಿದ ಹಾಗೆ ಆಗುತ್ತದೆ, ಅದಕ್ಕೇ ಹೊರಡುತ್ತಿದ್ದೇವೆ ಎಂದು ಸೆಪ್ಟೆಂಬರ್‌ನಲ್ಲಿ ಕಾರಣ ಕೊಟ್ಟರು.

ಸರಿಯಾಗೇ ಇದೆಯಲ್ಲ, ಕೆಟ್ಟ ಸರ್ಕಾರದ ಜೊತೆ ಕೈ ಜೋಡಿಸುವುದಿಲ್ಲ ಎಂದು ಬಿಟ್ಟು ಹೊರಟರು, ಎಂದು ನನ್ನ ಗೆಳೆಯರು ಹೊಗಳಿದರು. ನಾನು ಗುಣಾಕಾರ ಭಾಗಾಕಾರ ಮಾಡುತ್ತ ಕೂತಿದ್ದೆ. ಗ್ರಾಹಕರು ಸುಮಾರು 1.8 ಕೋಟಿ. 10.5 ಕೋಟಿ ಡಾಲರನ್ನು ಹಂಚಿದರೆ ತಲೆಗೆ ಆರು ಡಾಲರೂ ಇಲ್ಲ. ಮಾರಿದ್ದು ಬರೀ ಟವರು, ಕೇಬಲ್ಲು, ಅಂಗಡಿ ಅಲ್ಲ. ಕಾಲ್ ರೆಕಾರ್ಡಿನ ಎಲ್ಲ ಸಾಲುಗಳೂ ಅದರ ಜೊತೆಗೇ ಹೋದವು. ಮಯನ್ಮಾರ್‌ನ 474 ಸಂಘಟನೆಗಳ ಪರವಾಗಿ ಸೋಮೋ ಎಂಬ ಡಚ್ ಸಂಸ್ಥೆ ನಾರ್ವೆಯಲ್ಲಿ ದೂರು ಕೊಟ್ಟಿತು. ಹೋಗಬೇಡಿ ಎನ್ನುವುದಕ್ಕಿಂತ, ಹೀಗೆ ಹೋಗಬೇಡಿ ಎನ್ನುವುದೇ ಅದರ ತಿರುಳು. ಡೇಟಾ ಅಳಿಸಿ ಹೋಗಿ ಎಂದು ಜನ ಕೇಳಿದರು. ಅಳಿಸಿದರೆ ಅಲ್ಲಿನ ಕಾನೂನು ಮುರಿದ ಹಾಗೆ, ನಮ್ಮ ನೌಕರರ ಜೀವಕ್ಕೆ ಅಪಾಯ ಎಂದು ಟೆಲಿನಾರ್ ಹೇಳಿತು. ಅದೂ ಸುಳ್ಳಲ್ಲ. ಓಸ್ಲೋದಲ್ಲಿ ಕೂತವರು ಬಟನ್ ಒತ್ತಿದರೆ ಯಾಂಗೂನ್‌ನಲ್ಲಿ ನೆಟ್‌ವರ್ಕ್ ನೋಡುವ ಹುಡುಗನನ್ನು ಎಳೆದುಕೊಂಡು ಹೋಗುತ್ತಾರೆ.

ಆಮೇಲೆ ಮಿಲಿಟರಿಯವರು ಎಂ1 ಒಂದೇ ಕೊಳ್ಳಲು ಬಿಡಲಿಲ್ಲ. ಶ್ವೇ ಬ್ಯಾಯಿನ್ ಫ್ಯೂ ಎಂಬ ಸ್ಥಳೀಯ ಕಂಪನಿಗೆ 80% ಪಾಲು ಹೋಯಿತು. ಹರಳು, ಪೆಟ್ರೋಲು ವ್ಯಾಪಾರದವರು, ಸೇನೆಗೆ ಹತ್ತಿರದವರು. 2022ರ ಮಾರ್ಚ್‌ನಲ್ಲಿ ಕೈ ಬದಲಾಯಿತು, ಹೆಸರು ಆಟಮ್ ಆಯಿತು. 2024ರ ಜನವರಿಯಲ್ಲಿ ಅಮೆರಿಕ ಶ್ವೇ ಬ್ಯಾಯಿನ್ ಫ್ಯೂ ಮೇಲೆ ನಿರ್ಬಂಧ ಹಾಕಿತು. ಟೆಲಿನಾರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ನಾರ್ವೆ ಸರ್ಕಾರದ್ದು, ನೆನಪಿರಲಿ. ಮಾನವ ಹಕ್ಕಿನ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳುವ ದೇಶ. ಅವರ ಗತಿಯೇ ಹೀಗಾದರೆ ಮಿಕ್ಕವರದು?

ಮಿಕ್ಕವರದೂ ಹೆಚ್ಚು ಕಮ್ಮಿ ಇದೇ. ಫ್ರಾನ್ಸಿನ ಟೋಟಲ್ ಕಂಪನಿ ಮಯನ್ಮಾರ್‌ನ ಯಾದಾನಾ ಗ್ಯಾಸ್ ನಿಕ್ಷೇಪದಲ್ಲಿ ಮೂವತ್ತು ವರ್ಷ ಇತ್ತು. ಆ ಪೈಪ್‌ಲೈನಿಗೆ ಕಾವಲಿದ್ದ ಸೈನಿಕರು ಹಳ್ಳಿಯವರನ್ನು ಬಿಟ್ಟಿ ದುಡಿಸಿದರು ಎಂದು ಪಾಲುದಾರ ಯೂನೋಕಲ್ ಮೇಲೆ ಅಮೆರಿಕದಲ್ಲಿ 1996ರಲ್ಲೇ ಕೇಸು ಬಿತ್ತು, 2005ರಲ್ಲಿ ರಾಜಿ ಆಯಿತು. ಟೋಟಲ್ ಮಾತ್ರ, ಗ್ಯಾಸ್ ನಿಲ್ಲಿಸಿದರೆ ಯಾಂಗೂನ್ ಆಸ್ಪತ್ರೆಗಳಿಗೆ ಕರೆಂಟ್ ಇರುವುದಿಲ್ಲ ಎನ್ನುತ್ತ ಕೂತೇ ಇತ್ತು. 2022ರಲ್ಲಿ ಹೊರಟಿತು. ಗ್ಯಾಸ್ ನಿಂತಿತಾ? ಇಲ್ಲ. ಪಾಲು ಉಳಿದ ಪಾಲುದಾರರಿಗೆ ಹೋಯಿತು, ಅದರಲ್ಲಿ ಮಯನ್ಮಾರ್ ಸರ್ಕಾರದ್ದೇ ಕಂಪನಿಯೂ ಒಂದು. ನಮ್ಮ ಅದಾನಿ ಪೋರ್ಟ್ಸ್ ಯಾಂಗೂನ್‌ನಲ್ಲಿ ಸೇನೆಯ ಕಂಪನಿಯಿಂದ ಜಮೀನು ಗುತ್ತಿಗೆ ಪಡೆದು ಬಂದರು ಕಟ್ಟುತ್ತಿತ್ತು. 2023ರಲ್ಲಿ 3 ಕೋಟಿ ಡಾಲರ್‌ಗೆ ಮಾರಿ ಬಂತು. ಬಂದರು ಅಲ್ಲೇ ಇದೆ.

ಕಮ್ಮಾರನ ಮಾತು

ಈ ವಿಷಯ ಆಫೀಸಿನಲ್ಲಿ ಒಮ್ಮೆ ಎತ್ತಿದ್ದೆ. ನಮ್ಮ ಸೀನಿಯರ್ ಒಬ್ಬರು, ಹಾಸನದ ಕಡೆಯವರು, ಸಮಾಧಾನದ ಮನುಷ್ಯ. ‘ನೋಡಪ್ಪಾ, ಕಮ್ಮಾರ ಕುಡುಗೋಲು ಮಾಡ್ತಾನೆ. ಹುಲ್ಲು ಕುಯ್ತಾರೋ, ಕತ್ತು ಕುಯ್ತಾರೋ, ಅವನೇನು ಮಾಡೋಕಾಗುತ್ತೆ? ನಾವಲ್ಲದಿದ್ರೆ ಚೀನಾದವರು ಬಂದು ಮಾಡಿಕೊಟ್ಟು ಹೋಗ್ತಾರೆ’ ಎಂದರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಜಗಳದಲ್ಲಿ ಒಳ್ಳೇ ಮಾತು ಹೊಳೆಯುವುದು ಸ್ಕೂಟರ್ ಸ್ಟಾರ್ಟ್ ಮಾಡಿದ ಮೇಲೆ.

ಕಮ್ಮಾರ ಕುಡುಗೋಲು ಕೊಟ್ಟು, ದುಡ್ಡೋ ರಾಗಿಯೋ ಇಸಕೊಂಡು ಮನೆಗೆ ಹೋಗುತ್ತಾನೆ. ನಾವು ಹಾಗಲ್ಲ. ವರ್ಷ ವರ್ಷ ಹೋಗಿ ಮಸೆದು ಕೊಟ್ಟು ಬರುತ್ತೇವೆ. ಅದಕ್ಕೆ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರು ಎಂದು ಹೆಸರು. ಕುಡುಗೋಲು ಮೊಂಡಾಗಿದೆ ಎಂದು ರಾತ್ರಿ ಎರಡು ಗಂಟೆಗೆ ದೂರಿನ ಟಿಕೆಟ್ ಬಂದರೆ ಎದ್ದು ಕೂತು ಸರಿ ಮಾಡುತ್ತೇವೆ. ಯಾರ ಕೈಯಲ್ಲಿದೆ ಎಂದು ಕೇಳುವ ಪದ್ಧತಿ ಇಲ್ಲ. ಇನ್ನು ಚೀನಾದವರ ಮಾತು. ಅದು ನಿಜವೇ ಇರಬಹುದು. ಆದರೆ ‘ನಾನು ತಿನ್ನದಿದ್ರೆ ಇನ್ನೊಬ್ಬ ತಿಂತಾನೆ’ ಎನ್ನುವ ತಾಲ್ಲೂಕಾಫೀಸಿನ ಗುಮಾಸ್ತನಿಗೆ ನಾವು ಬೈಯುತ್ತೇವಲ್ವಾ?

ಬೆಂಗಳೂರಿನವರು ನಮಗೇನು ಸಂಬಂಧ ಎನ್ನುವ ಹಾಗೂ ಇಲ್ಲ. ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರ ಮೇನಲ್ಲಿ ಒಂದು ವರದಿ ಕೊಟ್ಟರು. ಕ್ರಾಂತಿಯ ನಂತರ ಮಯನ್ಮಾರ್ ಸೇನೆಗೆ ಯಾವ್ಯಾವ ದೇಶದಿಂದ ಶಸ್ತ್ರಾಸ್ತ್ರ ಮತ್ತು ಅದಕ್ಕೆ ಬೇಕಾದ ಸಾಮಾನು ಹೋಯಿತು ಎಂದು. ರಷ್ಯಾ, ಚೀನಾ, ಸಿಂಗಪುರದಿಂದ ನೂರಾರು ಮಿಲಿಯನ್. ಭಾರತದಿಂದ 5.1 ಕೋಟಿ ಡಾಲರ್. ಕಳಿಸಿದವರಲ್ಲಿ ನಮ್ಮ ಜಾಲಹಳ್ಳಿಯ ಬಿಇಎಲ್ ಹೆಸರೂ ಇದೆ. ಬಿಇಎಲ್ ಸರ್ಕಲ್‌ನಲ್ಲಿ ಬಸ್ ಕಾಯುತ್ತ ಬೆಳೆದವನು ನಾನು. ಈಗ ಆ ಬೋರ್ಡು ನೋಡಿದಾಗ ಮೊದಲಿನ ಹಾಗೆ ಬರೀ ಬಸ್ ಸ್ಟಾಪ್ ಆಗಿ ಕಾಣುವುದಿಲ್ಲ.

ಊಟಕ್ಕೆ ಹೊರಟವರು

ಪೋಲರಾಯ್ಡ್ ಕಥೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. 1970. ಅಮೆರಿಕದ ಕೇಂಬ್ರಿಡ್ಜ್ ಊರು, ಕಂಪನಿಯ ಆಫೀಸು. ಕ್ಯಾರೊಲಿನ್ ಹಂಟರ್ ಎಂಬ ಕೆಮಿಸ್ಟ್, ಕೆನ್ ವಿಲಿಯಮ್ಸ್ ಎಂಬ ಫೋಟೋಗ್ರಾಫರ್. ಇಬ್ಬರೂ ಕಪ್ಪು ಜನ. ಮಧ್ಯಾಹ್ನ ಊಟಕ್ಕೆ ಹೊರಟಾಗ ನೋಟಿಸ್ ಬೋರ್ಡಿನಲ್ಲಿ ಒಂದು ಗುರುತಿನ ಚೀಟಿಯ ಮಾದರಿ ಕಂಡಿತು. ದಕ್ಷಿಣ ಆಫ್ರಿಕಾದ ಗಣಿ ಇಲಾಖೆಯದು. ಅಲ್ಲಿ ಕಪ್ಪು ಜನ ಪಾಸ್‌ಬುಕ್ ಎಂಬ ಗುರುತಿನ ಪುಸ್ತಕ ಇಲ್ಲದೆ ಓಡಾಡುವ ಹಾಗಿರಲಿಲ್ಲ, ಸಿಕ್ಕಿಬಿದ್ದರೆ ಜೈಲು. ಅದರ ಫೋಟೋವನ್ನು ನಿಂತ ಜಾಗದಲ್ಲೇ ತೆಗೆದು ಕೊಡುತ್ತಿದ್ದದ್ದು ತಮ್ಮದೇ ಕಂಪನಿಯ ಫಿಲ್ಮ್ ಎಂದು ಇಬ್ಬರಿಗೂ ಆಗ ತಿಳಿಯಿತು. ಕರಪತ್ರ ಅಂಟಿಸಿದರು, ಕಂಪನಿಯ ಮಾಲು ಕೊಳ್ಳಬೇಡಿ ಎಂದು ಕರೆ ಕೊಟ್ಟರು. ಕೊನೆಗೆ ಇಬ್ಬರೂ ಕಂಪನಿಯ ಹೊರಗಾದರು.

ಕಂಪನಿ ಮೊದಲು ‘ಪ್ರಯೋಗ’ ಎಂದು ಒಂದು ನಡು ದಾರಿ ಹಿಡಿಯಿತು. ಅಲ್ಲೇ ಇರುತ್ತೇವೆ, ಆದರೆ ಸರ್ಕಾರಕ್ಕೆ ಮಾರುವುದಿಲ್ಲ, ನಮ್ಮ ವಿತರಕನ ಕಪ್ಪು ನೌಕರರಿಗೆ ಸಂಬಳ ಜಾಸ್ತಿ ಮಾಡಿಸುತ್ತೇವೆ. 1977ರಲ್ಲಿ ಗೊತ್ತಾಯಿತು, ವಿತರಕ ಗುಟ್ಟಾಗಿ ಸರ್ಕಾರಕ್ಕೇ ಮಾರುತ್ತಿದ್ದ. ಆಗ ಹೊರಬಂದರು. (ನಮ್ಮ ದೊಡ್ಡಮಾವನ ಹಳೇ ಪಾಸ್‌ಪೋರ್ಟ್ ಮನೆಯಲ್ಲಿದೆ. ಅದರಲ್ಲಿ ದಕ್ಷಿಣ ಆಫ್ರಿಕಾ ಒಂದನ್ನು ಬಿಟ್ಟು ಎಂದು ಮುದ್ರೆ ಒತ್ತಿದ್ದಾರೆ. ಅವರ ಜೊತೆ ವ್ಯಾಪಾರ ಬೇಡ ಎಂದು 1946ರಲ್ಲೇ ಬಿಟ್ಟ ದೇಶ ನಮ್ಮದು. ಆಗ ನಮಗೆ ಸ್ವಾತಂತ್ರ್ಯವೂ ಬಂದಿರಲಿಲ್ಲ.)

ನನಗೆ ಈ ಕಥೆಯಲ್ಲಿ ಕಾಡುವುದು ಆ ನೋಟಿಸ್ ಬೋರ್ಡು. ಅವರಿಗೆ ಕಂಡಿತು, ಏಕೆಂದರೆ ಅದು ಒಂದು ಚೀಟಿ, ಅದರ ಮೇಲೆ ಒಂದು ಮುಖ ಇತ್ತು. ನನಗೆ ಕಂಡದ್ದು ಎಕ್ಸೆಲ್ ಶೀಟಿನಲ್ಲಿ 60 ಎನ್ನುವ ಅಂಕಿ. ಪಕ್ಕದಲ್ಲಿ ಮುಖವೇ ಕೂತಿತ್ತು, ಟೀಗೆ ಹೋಗೋಣ ಸರ್ ಎನ್ನುತ್ತಿತ್ತು.

ಹೋಗಬೇಕೋ ಬೇಡವೋ ಎಂದು ಎಲ್ಲರೂ ಬಾಗಿಲಲ್ಲಿ ನಿಂತು ವಾದ ಮಾಡುತ್ತಾರೆ. ಹೊರಡುವ ದಿನ ಏನು ಬಿಟ್ಟು ಬರುತ್ತೇವೆ, ಬೀಗದ ಕೈ ಯಾರಿಗೆ ಕೊಟ್ಟು ಬರುತ್ತೇವೆ ಎಂದು ಒಳಗೆ ಹೋಗುವ ದಿನವೇ ಕೇಳಿದ್ದರೆ ಆ ಶೀಟಿನಲ್ಲಿ ಕೆಲವು ಅಂಕಿಗಳಾದರೂ ಚಿಕ್ಕದಾಗಿರುತ್ತಿದ್ದವು. ಇಟ್ಟುಕೊಂಡರಲ್ಲವೇ ಕೊಡುವುದು. 2021ರಲ್ಲಿ ಅಳಿಸುವುದು ಅಪರಾಧ. 2015ರಲ್ಲಿ ಕಡಿಮೆ ಇಡುವುದು ಒಂದು ಟೀ ಕುಡಿಯುವ ಹೊತ್ತಿನ ಕೆಲಸವಾಗಿತ್ತು.

ಕಳೆದ ವರ್ಷ ಹೊಸ ಪ್ರಾಜೆಕ್ಟ್ ಬಂತು. ಬೇರೆ ದೇಶ. ಅಲ್ಲಿ ಚುನಾವಣೆ ಆಗುತ್ತದೆ, ಪ್ರತಿ ಸಲ ಒಬ್ಬರೇ ಗೆಲ್ಲುತ್ತಾರೆ. ಅದೇ ಶೀಟ್, ಅದೇ ಕಾಲಮ್, ಅದೇ 60. ನಾನು ಅಳಿಸಿ ಖಾಲಿ ಬಿಟ್ಟೆ. ಮ್ಯಾನೇಜರ್ ಫೋನ್ ಮಾಡಿದರು. ‘ಏನ್ರೀ, ಆ ಫೀಲ್ಡ್ ಖಾಲಿ ಬಿಟ್ಟರೆ ಇನ್‌ಸ್ಟಾಲೇ ಆಗಲ್ಲ, ಟೆಸ್ಟಿಂಗ್ ನಿಂತಿದೆ.’ 6 ಎಂದು ಹಾಕಿದೆ. ಮೂರು ವಾರ ಯಾರೂ ಮಾತಾಡಲಿಲ್ಲ. ಆಮೇಲೆ ಗ್ರಾಹಕರಿಂದ ಮೇಲ್ ಬಂತು, ಎರಡು ಸಾಲು, 60 ಮಾಡಿಕೊಡಿ. ಮಾಡಿಕೊಟ್ಟೆ. ಬದಲಾವಣೆಗಳ ಪಟ್ಟಿಯಲ್ಲಿ ‘ಕೇಳಿದವರು’ ಎನ್ನುವ ಕಡೆ ಈ ಸಲ ಅವರ ಹೆಸರಿದೆ, ತಾರೀಖಿನ ಸಮೇತ. ‘ಮಾಡಿದವರು’ ಎನ್ನುವ ಕಡೆ ನನ್ನದೇ.